ಹಾಶಿಮಾ: ಕಲ್ಲಿದ್ದಲ ದ್ವೀಪದ ಚರಿತ್ರೆ ಮತ್ತು ಕಾಲಮಿತಿಯ ಪ್ರಶ್ನೆ

ಜಪಾನಿನ ಕ್ಯೂಶೂ ದ್ವೀಪದ ಪಶ್ಚಿಮ ಕರಾವಳಿಯಲ್ಲಿರುವ ನಾಗಸಾಕಿ ನಗರದಿಂದ ನೈಋತ್ಯ ದಿಕ್ಕಿಗೆ, ಸುಮಾರು 15 ಕಿಲೋಮೀಟರ್ ದೂರದ ಸಮುದ್ರದಲ್ಲಿ ಹಾಶಿಮಾ ಎಂಬ ಪುಟ್ಟ ದ್ವೀಪವಿದೆ. ಉತ್ತರ-ದಕ್ಷಿಣವಾಗಿ 480 ಮೀಟರ್ ಉದ್ದ, ಪೂರ್ವ-ಪಶ್ಚಿಮವಾಗಿ 160 ಮೀಟರ್ ಅಗಲವಿರುವ ಈ ದ್ವೀಪದ ಒಟ್ಟು ವಿಸ್ತೀರ್ಣ 6.3 ಹೆಕ್ಟೇರ್; ಅಂದರೆ ಹದಿನಾರು ಎಕರೆಗೂ ಕಡಿಮೆ. ಇಷ್ಟು ಕಿರಿದಾದ ನೆಲದ ಮೇಲೆ 1959ರಲ್ಲಿ 5,259 ಜನರು ವಾಸಿಸುತ್ತಿದ್ದರು. ಚದರ ಕಿಲೋಮೀಟರಿಗೆ ಲೆಕ್ಕ ಹಾಕಿದರೆ ಇದು 83,000ಕ್ಕೂ ಮಿಗಿಲಾದ ಜನಸಾಂದ್ರತೆ. ಹದಿನೈದು ವರ್ಷಗಳ ತರುವಾಯ, 1974ರ ಏಪ್ರಿಲ್ 20ರಂದು, ಕೊನೆಯ ನಿವಾಸಿಗಳು ದೋಣಿಯೇರಿ ಹೊರಟುಹೋದರು. ಅಂದಿನಿಂದ ಹಾಶಿಮಾ ನಿರ್ಜನವಾಗಿದೆ.

ಈ ದ್ವೀಪದ ಚರಿತ್ರೆಯನ್ನು ಕೈಗಾರಿಕಾ ಪ್ರಗತಿಯ ಕಥನವಾಗಿ ಹೇಳುವುದುಂಟು. ಪಾಳುಬಿದ್ದ ಪಟ್ಟಣದ ವಿಸ್ಮಯವಾಗಿ ಹೇಳುವುದುಂಟು. ಬಲವಂತದ ದುಡಿಮೆಯ ನೋವಿನ ಅಧ್ಯಾಯವಾಗಿ ಹೇಳುವುದೂ ಉಂಟು. ಈ ಮೂರು ಕಥನಗಳು ಒಂದೇ ನೆಲದವು, ಆದರೆ ಒಂದೇ ಕಾಲದವಲ್ಲ. 2015ರಲ್ಲಿ ಹಾಶಿಮಾ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಅದರ ಮಹತ್ವವನ್ನು 1850ರ ದಶಕದಿಂದ 1910ರವರೆಗಿನ ಅವಧಿಗೆ ಸೀಮಿತಗೊಳಿಸಲಾಯಿತು. ಇಂದು ಪ್ರವಾಸಿಗರ ಕಣ್ಣಿಗೆ ಬೀಳುವ ಬಹುಪಾಲು ಕಟ್ಟಡಗಳೂ, ಇಂದು ವಿವಾದಕ್ಕೆ ಒಳಗಾಗಿರುವ ಘಟನೆಗಳೂ ಈ ಗೆರೆಯ ಆಚೆಗೆ ಬರುತ್ತವೆ. ಕಾಲಘಟ್ಟಗಳ ವಿಂಗಡಣೆ ಚರಿತ್ರಕಾರನಿಗೆ ಅನಿವಾರ್ಯವಾದ ಒಂದು ಉಪಕರಣ. ಆದರೆ ಅದು ಯಾರನ್ನು ಒಳಗೆ ತರುತ್ತದೆ, ಯಾರನ್ನು ಹೊರಗಿಡುತ್ತದೆ ಎಂಬ ಪ್ರಶ್ನೆಗೆ ಹಾಶಿಮಾ ಒಂದು ಸ್ಪಷ್ಟವಾದ ನಿದರ್ಶನವಾಗಿದೆ. ಆ ಪ್ರಶ್ನೆಯ ಹಿನ್ನೆಲೆಯಲ್ಲಿ ದ್ವೀಪದ ಚರಿತ್ರೆಯನ್ನು ಅವಲೋಕಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಗಣಿಯ ಆರಂಭ

ನಾಗಸಾಕಿಯ ಸುತ್ತಲಿನ ದ್ವೀಪಗಳಲ್ಲಿ ಕಲ್ಲಿದ್ದಲಿನ ಬಳಕೆ ಆಧುನಿಕ ಯುಗಕ್ಕಿಂತ ಹಳೆಯದು. ಹಾಶಿಮಾದಲ್ಲಿ ಕಲ್ಲಿದ್ದಲು ಇರುವುದು ಸುಮಾರು 1810ರ ವೇಳೆಗೆ ತಿಳಿದಿತ್ತು. ಆದರೆ ದೊಡ್ಡ ಪ್ರಮಾಣದ ಗಣಿಗಾರಿಕೆಗೆ ನಾಂದಿಯಾದದ್ದು ಪಕ್ಕದ ತಾಕಾಶಿಮಾ ದ್ವೀಪ. ಸಾಗಾ ಸಂಸ್ಥಾನವು ಸ್ಕಾಟ್ಲೆಂಡ್ ಮೂಲದ ವರ್ತಕ ಥಾಮಸ್ ಗ್ಲೋವರನೊಡನೆ 1868ರಲ್ಲಿ ಮಾಡಿಕೊಂಡ ಒಪ್ಪಂದದ ಫಲವಾಗಿ ಅಲ್ಲಿ ಹೊಕ್ಕೇ ಎಂಬ ಗಣಿಬಾವಿಯನ್ನು ತೋಡಲಾಯಿತು. ಜಪಾನಿನಲ್ಲಿ ಉಗಿಯಂತ್ರದ ಬಲದಿಂದ ಕಲ್ಲಿದ್ದಲನ್ನು ಮೇಲೆತ್ತಿದ ಮೊದಲ ಬಾವಿ ಇದೇ. ವಿದೇಶೀ ಉಗಿಹಡಗುಗಳು ನಾಗಸಾಕಿ ಬಂದರಿಗೆ ಬರತೊಡಗಿದ್ದ ಕಾಲವದು. ಹಡಗುಗಳಿಗೆ ಇಂಧನ ಬೇಕಾಗಿತ್ತು; ಇಂಧನ ಬಂದರಿನ ಸಮೀಪದಲ್ಲಿಯೇ ಸಮುದ್ರದ ತಳದಲ್ಲಿತ್ತು.

1881ರಲ್ಲಿ ತಾಕಾಶಿಮಾ ಗಣಿಯು ಮಿತ್ಸುಬಿಷಿ ಸಂಸ್ಥೆಯ ಸ್ಥಾಪಕ ಇವಾಸಾಕಿ ಯಾತಾರೋನ ಕೈಸೇರಿತು. ಹಾಶಿಮಾದಲ್ಲಿ ಮೊದಲ ಗಣಿಬಾವಿ 1887ರ ಸುಮಾರಿಗೆ ಸಿದ್ಧವಾಯಿತು. 1890ರಲ್ಲಿ ಮಿತ್ಸುಬಿಷಿಯು ದ್ವೀಪವನ್ನು 1,00,000 ಯೆನ್ ಕೊಟ್ಟು ಖರೀದಿಸಿತು. ಮುಂದೆ 1895 ಮತ್ತು 1896ರಲ್ಲಿ ಎರಡನೆಯ ಮತ್ತು ಮೂರನೆಯ ಬಾವಿಗಳು, 1925ರಲ್ಲಿ ನಾಲ್ಕನೆಯದು ಕೆಲಸಕ್ಕೆ ತೊಡಗಿದವು. ಎರಡನೆಯ ಬಾವಿಯನ್ನು ಕಾಲಕ್ರಮೇಣ ಆಳಗೊಳಿಸಿ 606 ಮೀಟರುಗಳವರೆಗೆ ಒಯ್ಯಲಾಯಿತು. ಬಾವಿಯ ತಳದಿಂದ ಇಳಿಜಾರಿನ ಸುರಂಗಗಳು ಸಮುದ್ರದ ತಳದ ಅಡಿಯಲ್ಲಿ ಮತ್ತಷ್ಟು ಕೆಳಗೆ ಚಾಚಿದವು. ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಆಳದವರೆಗೂ ಕೆಲಸ ನಡೆಯಿತು. ಅಲ್ಲಿ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್, ಗಾಳಿಯ ತೇವಾಂಶ ಶೇಕಡಾ 95.

ಇಲ್ಲಿನ ಕಲ್ಲಿದ್ದಲು ಉಕ್ಕಿನ ತಯಾರಿಕೆಗೆ ಬೇಕಾಗುವ ಕೋಕ್ ತಯಾರಿಸಲು ಯೋಗ್ಯವಾದ ಉತ್ತಮ ದರ್ಜೆಯದಾಗಿತ್ತು. 1901ರಲ್ಲಿ ಆರಂಭವಾದ ಸರ್ಕಾರಿ ಸ್ವಾಮ್ಯದ ಯಾವತಾ ಉಕ್ಕಿನ ಕಾರ್ಖಾನೆಗೆ ಇದು ಪೂರೈಕೆಯಾಗುತ್ತಿತ್ತು. ಗಣಿ, ಉಕ್ಕು, ಹಡಗು ಈ ಮೂರರ ಪರಸ್ಪರ ಅವಲಂಬನೆಯ ಮೇಲೆ ಮೇಜಿ ಕಾಲದ ಜಪಾನ್ ತನ್ನ ಆರ್ಥಿಕ ಹಾಗೂ ಸೈನಿಕ ಶಕ್ತಿಯನ್ನು ಕಟ್ಟಿಕೊಂಡಿತು. 1891ರಿಂದ 1974ರವರೆಗೆ ಹಾಶಿಮಾ ಗಣಿಯಿಂದ ತೆಗೆದ ಕಲ್ಲಿದ್ದಲಿನ ಒಟ್ಟು ಪ್ರಮಾಣ ಸುಮಾರು 157 ಲಕ್ಷ ಟನ್.

ಆದರೆ ಈ ಆರಂಭದ ಕಾಲವನ್ನೂ ಕಳಂಕರಹಿತವೆಂದು ತಿಳಿಯುವಂತಿಲ್ಲ. ತಾಕಾಶಿಮಾದಲ್ಲಿ ಕಾರ್ಮಿಕರನ್ನು ಗುತ್ತಿಗೆ ಮೇಸ್ತ್ರಿಗಳ ಬಿಡಾರಗಳಲ್ಲಿ ಕೂಡಿಹಾಕಿ ದುಡಿಸುವ ‘ನಾಯಾ’ ಪದ್ಧತಿ ಜಾರಿಯಲ್ಲಿತ್ತು. ಸಾಲದ ಕಟ್ಟಿಗೆ ಬಿದ್ದವರು ದ್ವೀಪ ಬಿಟ್ಟು ಹೋಗುವುದು ದುಸ್ಸಾಧ್ಯವಾಗಿತ್ತು. 1888ರಲ್ಲಿ ‘ನಿಹೊಂಜಿನ್’ ಪತ್ರಿಕೆಯು ಅಲ್ಲಿನ ಕ್ರೌರ್ಯವನ್ನು ಬಯಲಿಗೆಳೆದಾಗ ದೇಶದಾದ್ಯಂತ ಕೋಲಾಹಲವೆದ್ದಿತು. ಪ್ರಗತಿಯ ಕಾಲಘಟ್ಟವೆಂದು ಗುರುತಿಸಲಾದ ವರ್ಷಗಳ ಒಳಗೇ ದುಡಿಯುವವರ ಪ್ರಶ್ನೆ ಎದ್ದಿತ್ತೆಂಬುದನ್ನು ಗಮನಿಸಬೇಕು.

ದ್ವೀಪದ ಮೇಲಿನ ಪಟ್ಟಣ

ಮೂಲದಲ್ಲಿ ಹಾಶಿಮಾ ಒಂದು ಬೋಳು ಬಂಡೆ. ಇಂದಿನ ವಿಸ್ತೀರ್ಣದ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಗಣಿಯಿಂದ ಹೊರಬಿದ್ದ ಕಲ್ಲುಮಣ್ಣನ್ನು ಸುತ್ತಲಿನ ಸಮುದ್ರಕ್ಕೆ ತುಂಬಿ, ಅದರ ಹೊರಗೆ ತಡೆಗೋಡೆ ಕಟ್ಟಿ, 1897ರಿಂದ 1931ರವರೆಗಿನ ಅವಧಿಯಲ್ಲಿ ಆರು ಸಲ ದ್ವೀಪವನ್ನು ಹಿಗ್ಗಿಸಲಾಯಿತು. ಹಳೆಯ ತಡೆಗೋಡೆಗಳನ್ನು ಸುಣ್ಣ ಮತ್ತು ಜೇಡಿಮಣ್ಣನ್ನು ಬೆರೆಸಿದ ‘ಅಮಾಕಾವಾ’ ಎಂಬ ಗಾರೆಯಿಂದ ಕಲ್ಲುಗಳನ್ನು ಜೋಡಿಸಿ ಕಟ್ಟಲಾಗಿದೆ. ಭೂಗರ್ಭದಿಂದ ತೆಗೆದದ್ದರಲ್ಲಿ ಬೆಲೆಯುಳ್ಳದ್ದು ಹಡಗೇರಿ ಹೋಯಿತು. ಬೆಲೆಯಿಲ್ಲದ್ದು ಜನರ ಕಾಲಡಿಯ ನೆಲವಾಯಿತು.

ಸ್ಥಳದ ಅಭಾವದಿಂದ ಊರು ಮೇಲ್ಮುಖವಾಗಿ ಬೆಳೆಯಬೇಕಾಯಿತು. 1916ರಲ್ಲಿ ಕಟ್ಟಲಾದ 30ನೆಯ ಸಂಖ್ಯೆಯ ವಸತಿ ಕಟ್ಟಡವು ಜಪಾನಿನ ಅತ್ಯಂತ ಹಳೆಯ ಬಹುಮಹಡಿಯ ಕಾಂಕ್ರೀಟ್ ವಸತಿ ಸಮುಚ್ಚಯವೆಂದು ಪರಿಗಣಿತವಾಗಿದೆ. ಅದು ಮುಂದೆ ಏಳು ಅಂತಸ್ತುಗಳಾಯಿತು. 1918ರಲ್ಲಿ ‘ನಿಕ್ಕ್ಯೂ’ ಸಮುಚ್ಚಯ ಎದ್ದಿತು. ಯುದ್ಧದ ಕೊನೆಯ ವರ್ಷವಾದ 1945ರಲ್ಲಿ, ಬೇರೆಡೆ ಉಕ್ಕು ಸಿಮೆಂಟುಗಳು ದುರ್ಲಭವಾಗಿದ್ದಾಗಲೂ, ಇಲ್ಲಿ 65ನೆಯ ಸಂಖ್ಯೆಯ ದೊಡ್ಡ ಕಟ್ಟಡ ಬೆಳೆಯುತ್ತಿತ್ತು. ಒಂಬತ್ತು ಅಂತಸ್ತುಗಳ, 317 ಮನೆಗಳ ಆ ಕಟ್ಟಡವೇ ದ್ವೀಪದಲ್ಲಿ ಎಲ್ಲಕ್ಕಿಂತ ದೊಡ್ಡದು. ಯುದ್ಧಕ್ಕೆ ಕಲ್ಲಿದ್ದಲು ಎಷ್ಟು ಅಗತ್ಯವಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ. ದೂರದಿಂದ ನೋಡುವವರಿಗೆ ಕಟ್ಟಡಗಳ ಸಾಲು ಯುದ್ಧನೌಕೆಯಂತೆ ಕಾಣುತ್ತಿತ್ತು. ನಾಗಸಾಕಿಯಲ್ಲಿ ನಿರ್ಮಾಣವಾಗುತ್ತಿದ್ದ ‘ತೋಸಾ’ ಎಂಬ ಯುದ್ಧನೌಕೆಗೆ ಇದನ್ನು ಹೋಲಿಸಲಾಯಿತು. ‘ಗುಂಕಾನ್‌ಜಿಮಾ’, ಅಂದರೆ ಯುದ್ಧನೌಕೆಯ ದ್ವೀಪ, ಎಂಬ ರೂಢನಾಮ ಹೀಗೆ ಬಂದಿತು.

ಯುದ್ಧಾನಂತರದ ಎರಡು ದಶಕಗಳಲ್ಲಿ ಇಲ್ಲಿ ಪರಿಪೂರ್ಣವಾದ ಒಂದು ಪಟ್ಟಣವಿತ್ತು. ಶಾಲೆ, ಆಸ್ಪತ್ರೆ, ಚಿತ್ರಮಂದಿರ, ಅಂಗಡಿ ಬೀದಿ, ಬೌದ್ಧ ದೇವಾಲಯ, ಬಂಡೆಯ ನೆತ್ತಿಯಲ್ಲಿ ಶಿಂಟೋ ಗುಡಿ ಎಲ್ಲವೂ ಇದ್ದವು. ಇಲ್ಲದಿದ್ದುದು ಮುಖ್ಯವಾಗಿ ನೀರು, ಮಣ್ಣು ಮತ್ತು ಮಸಣ. ಕುಡಿಯುವ ನೀರು ದೋಣಿಗಳಲ್ಲಿ ಬರುತ್ತಿತ್ತು. ಸಮುದ್ರದ ತಳದಲ್ಲಿ ಕೊಳವೆ ಹಾಕಿ ನೀರು ತರಲು ಸಾಧ್ಯವಾದದ್ದು 1957ರಲ್ಲಿ. ಗಣಿಯಿಂದ ಮೇಲೆ ಬಂದ ಕಾರ್ಮಿಕರು ಮೊದಲು ಉಡುಪಿನೊಡನೆಯೇ ಉಪ್ಪುನೀರಿನ ತೊಟ್ಟಿಗೆ ಇಳಿದು, ಬಳಿಕ ಮತ್ತೊಂದು ಉಪ್ಪುನೀರಿನ ತೊಟ್ಟಿಯಲ್ಲಿ ಮೈತೊಳೆದು, ಕಟ್ಟಕಡೆಗೆ ಸಿಹಿನೀರಿನಲ್ಲಿ ಮೀಯುತ್ತಿದ್ದರು. 1960ರ ದಶಕದಲ್ಲಿ ನಿವಾಸಿಗಳು ಹೊರಗಿನಿಂದ ಮಣ್ಣು ತಂದು ಕಟ್ಟಡದ ತಾರಸಿಯ ಮೇಲೆ ತೋಟ ಮಾಡಿದರು. ಶವಸಂಸ್ಕಾರಕ್ಕೆ ಸಮೀಪದ ನಾಕಾನೋಶಿಮಾ ಎಂಬ ನಿರ್ಜನ ದ್ವೀಪವನ್ನು ಬಳಸಲಾಗುತ್ತಿತ್ತು.

ಊರಿನ ರಚನೆಯಲ್ಲಿ ಸಂಸ್ಥೆಯ ಶ್ರೇಣಿವ್ಯವಸ್ಥೆಯೂ ಕಾಣುತ್ತಿತ್ತು. ಬಂಡೆಯ ಎತ್ತರದ ಭಾಗದಲ್ಲಿ ಅಧಿಕಾರಿಗಳ ವಸತಿ. 3ನೆಯ ಸಂಖ್ಯೆಯ ಕಟ್ಟಡದ ಮನೆಗಳಿಗೆ ಸ್ವಂತ ಸ್ನಾನಗೃಹವಿತ್ತು. ಕಾರ್ಮಿಕರಿಗೆ ಸಾಮೂಹಿಕ ಸ್ನಾನಗೃಹ. ಬೆಳಕು ಗಾಳಿಗಳು ಅಂತಸ್ತಿಗೆ ತಕ್ಕಂತೆ ಹಂಚಿಕೆಯಾಗಿದ್ದವು. ಹೀಗಿದ್ದರೂ ಅಲ್ಲಿ ಬಾಲ್ಯ ಕಳೆದ ಅನೇಕರು ದ್ವೀಪವನ್ನು ಒಂದೇ ಕುಟುಂಬದಂತಿದ್ದ ಊರೆಂದು ನೆನೆಯುತ್ತಾರೆ. ಈ ನೆನಪು ಅಲ್ಲಗಳೆಯುವಂಥದಲ್ಲ. ಅದು ಬಹುಮಟ್ಟಿಗೆ 1950 ಮತ್ತು 1960ರ ದಶಕಗಳ ನೆನಪು ಎಂಬುದನ್ನು ಮಾತ್ರ ಮರೆಯಲಾಗದು.

ಯುದ್ಧಕಾಲ ಮತ್ತು ದಾಖಲೆಗಳು

ಹಾಶಿಮಾದ ವಾರ್ಷಿಕ ಹುಟ್ಟುವಳಿ ಶಿಖರ ಮುಟ್ಟಿದ್ದು 1941ರಲ್ಲಿ. ಆ ವರ್ಷ 4,11,100 ಟನ್ ಕಲ್ಲಿದ್ದಲು ಹೊರಬಂದಿತು. ಆದರೆ ಜಪಾನಿನ ಯುವಕರು ಸೈನ್ಯಕ್ಕೆ ಸೇರಿದಂತೆ ಗಣಿಗಳಲ್ಲಿ ಆಳುಗಳ ಕೊರತೆ ಉಂಟಾಯಿತು. 1910ರಲ್ಲಿ ಜಪಾನ್ ತನ್ನ ಸಾಮ್ರಾಜ್ಯಕ್ಕೆ ಸೇರಿಸಿಕೊಂಡಿದ್ದ ಕೊರಿಯಾದಿಂದ ಕಾರ್ಮಿಕರನ್ನು ಕರೆತರುವ ವ್ಯವಸ್ಥೆ 1939ರಿಂದ ಹಂತಹಂತವಾಗಿ ಬಿಗಿಯಾಯಿತು: ಮೊದಲು ಸಂಸ್ಥೆಗಳ ನೇಮಕಾತಿ, 1942ರಿಂದ ಸರ್ಕಾರದ ಮಧ್ಯಸ್ಥಿಕೆ, 1944ರಲ್ಲಿ ಕಾನೂನುಬದ್ಧ ಕಡ್ಡಾಯ ದುಡಿಮೆ. 1943ರಿಂದ 1945ರ ಅವಧಿಯಲ್ಲಿ ಹಾಶಿಮಾದಲ್ಲಿದ್ದ ಕೊರಿಯನ್ನರ ಸಂಖ್ಯೆಯನ್ನು 500ರಿಂದ 800 ಎಂದು ಅಂದಾಜಿಸಲಾಗಿದೆ. ಚೀನಾದಿಂದ 1944ರಲ್ಲಿ 204 ಮಂದಿಯನ್ನು ತರಲಾಯಿತು.

ಇವರ ಬದುಕಿನ ಬಗೆಗೆ ಗಣಿಸಂಸ್ಥೆಯ ಹುಟ್ಟುವಳಿ ಪಟ್ಟಿಗಳು ಮೌನವಾಗಿವೆ. ಮೌನವನ್ನು ಮುರಿದದ್ದು ಬೇರೊಂದು ಬಗೆಯ ದಾಖಲೆ. ನಾಗಸಾಕಿಯ ಕ್ರೈಸ್ತ ಪಾದ್ರಿಯೂ ನಗರಸಭೆಯ ಸದಸ್ಯರೂ ಆಗಿದ್ದ ಓಕಾ ಮಸಾಹಾರು ಅವರು, ಆ ಪ್ರದೇಶದ ಕೊರಿಯನ್ನರ ಹಕ್ಕುಗಳಿಗಾಗಿ ಶ್ರಮಿಸುತ್ತಿದ್ದ ನಾಗರಿಕ ಸಂಘದ ಮೂಲಕ, ಪರಮಾಣು ಬಾಂಬಿಗೆ ಬಲಿಯಾದ ಕೊರಿಯನ್ನರ ಬಗ್ಗೆ ಶೋಧ ನಡೆಸುತ್ತಿದ್ದರು. 1980ರ ದಶಕದಲ್ಲಿ ಈ ಸಂಘವು ಹಾಶಿಮಾದ ಶವದಹನ ಅನುಮತಿ ಪತ್ರಗಳನ್ನು ಅಧ್ಯಯನಕ್ಕೆ ಒಳಪಡಿಸಿತು. 1925ರಿಂದ 1945ರವರೆಗಿನ ಈ ಪತ್ರಗಳಲ್ಲಿ 122 ಕೊರಿಯನ್ನರ ಮತ್ತು 15 ಚೀನೀಯರ ಮರಣಗಳು ನಮೂದಾಗಿವೆ.

ಈ ಅಂಕಿಗಳನ್ನು ಎಚ್ಚರಿಕೆಯಿಂದ ಓದಬೇಕು. ಅವು ಇಪ್ಪತ್ತು ವರ್ಷಗಳ ಅವಧಿಗೆ ಸಂಬಂಧಿಸಿದವು. ಕಡ್ಡಾಯ ದುಡಿಮೆಗೆ ಮುನ್ನ ಬಂದವರೂ, ಗಣಿಯ ಹೊರಗೆ ಮೃತರಾದವರೂ ಅವುಗಳಲ್ಲಿ ಸೇರಿರುವುದರಿಂದ 122 ಎಂಬುದನ್ನು ಬಲವಂತದ ದುಡಿಮೆಯಿಂದ ಸತ್ತವರ ನೇರ ಸಂಖ್ಯೆಯೆಂದು ಬಳಸುವುದು ಸರಿಯಲ್ಲ. ಅದೇ ಕಾಲದಲ್ಲಿ ಮೃತರಾದ ಜಪಾನೀಯರ ಸಂಖ್ಯೆ ಇದಕ್ಕಿಂತ ಬಹಳ ದೊಡ್ಡದು. ಆಳದ ಗಣಿ ಯಾರ ಪಾಲಿಗೂ ಸೌಮ್ಯವಾಗಿರಲಿಲ್ಲ. ಆದರೆ ಈ ಎಚ್ಚರಿಕೆ ದಾಖಲೆಯ ಬೆಲೆಯನ್ನು ತಗ್ಗಿಸುವುದಿಲ್ಲ. ಮರಣದ ಕಾರಣವನ್ನೂ ದಾಖಲಿಸುವ ಈ ಪತ್ರಗಳು ಯಾರನ್ನೂ ಸಮರ್ಥಿಸಲು ಅಥವಾ ಆಪಾದಿಸಲು ಬರೆದವಲ್ಲ. ಹೆಣ ಸುಡಲು ಬೇಕಾದ ಕಚೇರಿಯ ಕಾಗದಗಳು. ಉದ್ದೇಶವಿಲ್ಲದ ಸಾಕ್ಷಿಯೇ ಹಲವು ವೇಳೆ ನಂಬಲರ್ಹವಾದ ಸಾಕ್ಷಿ.

ದಾಖಲೆಗಳ ಪಕ್ಕದಲ್ಲಿ ಮೌಖಿಕ ಸಾಕ್ಷ್ಯಗಳೂ ಇವೆ. ಹದಿನಾಲ್ಕರ ವಯಸ್ಸಿನಲ್ಲಿ ಕೊರಿಯಾದ ಹಳ್ಳಿಯಿಂದ ಒಯ್ಯಲ್ಪಟ್ಟು, ಮೈ ನೀಡಿ ಮಲಗುವುದಕ್ಕೂ ಜಾಗವಿಲ್ಲದ ಕಿರಿದಾದ ಎಡೆಗಳಲ್ಲಿ ಕಲ್ಲಿದ್ದಲು ಅಗೆದವರೊಬ್ಬರು, ತಡೆಗೋಡೆಯ ಮೇಲೆ ನಿಂತು ತವರಿನ ದಿಕ್ಕನ್ನು ನೋಡುತ್ತಿದ್ದುದನ್ನೂ ಸಮುದ್ರಕ್ಕೆ ಹಾರಿ ಸಾಯಲು ಬಯಸಿದ್ದನ್ನೂ ಹೇಳಿಕೊಂಡಿದ್ದಾರೆ. ಇದಕ್ಕೆ ಎದುರಾಗಿ, ತಾರತಮ್ಯವನ್ನು ತಾವು ಕಾಣಲಿಲ್ಲವೆಂದು ಹಿಂದಿನ ನಿವಾಸಿಗಳು ಹೇಳಿದ್ದಾರೆ. ಇವೆರಡರಲ್ಲಿ ಒಂದನ್ನು ಸುಳ್ಳೆಂದು ತಳ್ಳಿಹಾಕುವ ಅಗತ್ಯವಿಲ್ಲ. ಮೇಲಿನ ಅಂಗಳದಲ್ಲಿ ಆಡುತ್ತಿದ್ದ ಬಾಲಕನಿಗೆ ಸಾವಿರ ಮೀಟರ್ ಕೆಳಗಿನ ಸುರಂಗ ಕಾಣುವಂತಿರಲಿಲ್ಲ. ಸಾಕ್ಷಿ ಎಲ್ಲಿ ನಿಂತಿದ್ದ, ಯಾವ ವರ್ಷ ನಿಂತಿದ್ದ ಎಂಬುದು ಸಾಕ್ಷ್ಯದಷ್ಟೇ ಮುಖ್ಯ.

ಮುಚ್ಚುಗಡೆ

ಎರಡನೆಯ ಮಹಾಯುದ್ಧದ ತರುವಾಯ ಜಪಾನಿನ ಪುನರ್ನಿರ್ಮಾಣ ಕಲ್ಲಿದ್ದಲಿನ ಆಧಾರದ ಮೇಲೆಯೇ ನಡೆಯಿತು. 1950ರ ದಶಕದ ಕೊನೆಗೆ ಪರಿಸ್ಥಿತಿ ಬದಲಾಯಿತು. ಅಗ್ಗವಾದ ಆಮದು ತೈಲದ ಎದುರು ದೇಶೀಯ ಕಲ್ಲಿದ್ದಲು ನಿಲ್ಲಲಾರದಾಯಿತು. ಕ್ಯೂಶೂವಿನ ಮೀಕೆ ಗಣಿಯಲ್ಲಿ 1960ರಲ್ಲಿ ನಡೆದ ದೀರ್ಘ ಮುಷ್ಕರವು ಈ ಬದಲಾವಣೆಯ ನೋವನ್ನು ಪ್ರಕಟಿಸಿತು. 1962ರಲ್ಲಿ ಕಚ್ಚಾ ತೈಲದ ಆಮದು ಮುಕ್ತವಾಯಿತು. ಹಾಶಿಮಾದಲ್ಲಿ 1964ರಲ್ಲಿ ಗಣಿಯ ಆಳದಲ್ಲಿ ಬೆಂಕಿ ಕಾಣಿಸಿಕೊಂಡು ಆ ಭಾಗವನ್ನು ಕೈಬಿಡಬೇಕಾಯಿತು. ಅನೇಕ ಕುಟುಂಬಗಳು ದ್ವೀಪ ತೊರೆದವು. ಮರುವರ್ಷ ಮಿತ್ಸುಸೆ ಎಂಬ ಹೊಸ ಕಲ್ಲಿದ್ದಲ ಕ್ಷೇತ್ರ ದೊರೆತು ಗಣಿ ಚೇತರಿಸಿಕೊಂಡರೂ ಆಯಸ್ಸು ಹೆಚ್ಚಿರಲಿಲ್ಲ.

1974ರ ಜನವರಿ 15ರಂದು ಶಾಲೆಯ ವ್ಯಾಯಾಮಶಾಲೆಯಲ್ಲಿ ಗಣಿಯ ಮುಚ್ಚುಗಡೆಯ ಸಮಾರಂಭ ನಡೆಯಿತು. ಬಳಿಕ ಸುಮಾರು ಮೂರು ತಿಂಗಳಲ್ಲಿ ಊರು ಖಾಲಿಯಾಯಿತು. ಮನೆ, ಶಾಲೆ, ಅಂಗಡಿ ಎಲ್ಲವೂ ಗಣಿಯನ್ನೇ ಆಶ್ರಯಿಸಿದ್ದ ಕಾರಣ, ಗಣಿ ನಿಂತ ಮೇಲೆ ಅಲ್ಲಿರಲು ಯಾರಿಗೂ ಆಧಾರವಿರಲಿಲ್ಲ. ಕೆಲವರು ಸಾಮಾನುಗಳನ್ನು ಬಿಟ್ಟೇ ಹೋದರು. ನೆರೆಯ ತಾಕಾಶಿಮಾ ಗಣಿ 1986ರಲ್ಲಿ ಮುಚ್ಚಿತು.

ಪರಂಪರೆಯ ತಾಣವಾಗಿ ಹಾಶಿಮಾ

ಮುಂದಿನ ಮೂರು ದಶಕಗಳಲ್ಲಿ ಉಪ್ಪುಗಾಳಿ ಮತ್ತು ಚಂಡಮಾರುತಗಳು ಕಟ್ಟಡಗಳನ್ನು ಶಿಥಿಲಗೊಳಿಸಿದವು. 2001ರಲ್ಲಿ ದ್ವೀಪದ ಒಡೆತನ ತಾಕಾಶಿಮಾ ಪಟ್ಟಣಾಡಳಿತಕ್ಕೆ ಬಂದಿತು. 2005ರಲ್ಲಿ ಆ ಪಟ್ಟಣ ನಾಗಸಾಕಿ ನಗರದಲ್ಲಿ ವಿಲೀನವಾಯಿತು. 2009ರ ಏಪ್ರಿಲ್ 22ರಿಂದ ಸಾರ್ವಜನಿಕರಿಗೆ ಇಳಿಯಲು ಅವಕಾಶ ದೊರೆಯಿತು.

ನಾಗಸಾಕಿ ಬಂದರಿನಿಂದ ಹೊರಡುವ ದೋಣಿ 1909ರಲ್ಲಿ ಸ್ಥಾಪಿತವಾದ ಬೃಹತ್ ಕ್ರೇನ್ ಇರುವ ಹಡಗುಕಟ್ಟೆಯನ್ನು ದಾಟಿ, ತಾಕಾಶಿಮಾವನ್ನು ಹಾದು ಹಾಶಿಮಾ ತಲುಪುತ್ತದೆ. ಅಲೆಯ ಎತ್ತರ ಅರ್ಧ ಮೀಟರಿಗಿಂತ, ಗಾಳಿಯ ವೇಗ ಸೆಕೆಂಡಿಗೆ 5 ಮೀಟರಿಗಿಂತ ಹೆಚ್ಚಿದ್ದರೆ ಇಳಿಯುವಂತಿಲ್ಲ ಎಂಬುದು ನಗರಾಡಳಿತವು ವಿಧಿಸಿದ ನಿಯಮ. ಇಳಿದವರು ದಕ್ಷಿಣ ಭಾಗದಲ್ಲಿ ಹಾಕಿರುವ ಕಾಲುದಾರಿಯಲ್ಲಿ ಮಾತ್ರ ನಡೆಯಬಹುದು. ದಾರಿಯಲ್ಲಿ ನಿಂತು ನೋಡಲು ಮೂರು ಕಟ್ಟೆಗಳಿವೆ. ಮೊದಲನೆಯದರಿಂದ ಕಲ್ಲಿದ್ದಲು ಸಾಗಿಸುತ್ತಿದ್ದ ಪಟ್ಟಿಯ ಕಂಬಗಳು ಮತ್ತು ಏಳು ಅಂತಸ್ತಿನ ಶಾಲೆ, ಎರಡನೆಯದರಿಂದ ಕೆಂಪು ಇಟ್ಟಿಗೆಯ ಕಚೇರಿಗೋಡೆ ಮತ್ತು ಎರಡನೆಯ ಬಾವಿಗೆ ಏರುವ ಮೆಟ್ಟಿಲು, ಮೂರನೆಯದರಿಂದ 30ನೆಯ ಸಂಖ್ಯೆಯ ಕಟ್ಟಡ ಕಾಣುತ್ತವೆ. ಆ ಮೆಟ್ಟಿಲುಗಳ ಮೂಲಕವೇ ಕಾರ್ಮಿಕರು ಪಾಳಿಗೆ ಹೋಗುತ್ತಿದ್ದರು, ಹೋದವರೆಲ್ಲರೂ ಮರಳುತ್ತಿರಲಿಲ್ಲ. 65ನೆಯ ಕಟ್ಟಡವಿರುವ ಉತ್ತರದ ಬೀದಿಗಳಿಗೆ ಪ್ರವೇಶವಿಲ್ಲ. ಸುರಂಗಗಳಂತೂ ಕಣ್ಣಿಗೆ ನಿಲುಕುವಂಥವಲ್ಲ.

2015ರ ಜುಲೈನಲ್ಲಿ ಜರ್ಮನಿಯ ಬಾನ್ ನಗರದಲ್ಲಿ ನಡೆದ ವಿಶ್ವ ಪರಂಪರೆ ಸಮಿತಿಯ ಅಧಿವೇಶನವು ಮೇಜಿ ಕಾಲದ ಉಕ್ಕು, ಹಡಗು ನಿರ್ಮಾಣ ಹಾಗೂ ಕಲ್ಲಿದ್ದಲಿಗೆ ಸಂಬಂಧಿಸಿದ 23 ತಾಣಗಳ ಸಮೂಹವನ್ನು ಯುನೆಸ್ಕೋ ಪಟ್ಟಿಗೆ ಸೇರಿಸಿತು. ಹಾಶಿಮಾ ಅವುಗಳಲ್ಲೊಂದು. ಕೊರಿಯಾ ಗಣರಾಜ್ಯದ ಆಕ್ಷೇಪಣೆಯ ಹಿನ್ನೆಲೆಯಲ್ಲಿ ಜಪಾನಿನ ಪ್ರತಿನಿಧಿಯು, 1940ರ ದಶಕದಲ್ಲಿ ಕೊರಿಯನ್ನರು ಮತ್ತಿತರರು ಹೆಚ್ಚಿನ ಸಂಖ್ಯೆಯಲ್ಲಿ ತಮ್ಮ ಇಚ್ಛೆಗೆ ವಿರುದ್ಧವಾಗಿ ತರಲ್ಪಟ್ಟು ಕೆಲವು ತಾಣಗಳಲ್ಲಿ ಕಠಿಣ ಸ್ಥಿತಿಯಲ್ಲಿ ದುಡಿಯಬೇಕಾಯಿತೆಂದು ಒಪ್ಪಿ, ಅವರ ನೆನಪಿಗಾಗಿ ಮಾಹಿತಿ ಕೇಂದ್ರದಂತಹ ಕ್ರಮಗಳನ್ನು ಕೈಗೊಳ್ಳುವುದಾಗಿ ಹೇಳಿದರು. ಈ ಹೇಳಿಕೆ ಬಲವಂತದ ದುಡಿಮೆಯನ್ನು ಒಪ್ಪಿಕೊಂಡಂತಲ್ಲ ಎಂದು ಜಪಾನ್ ಸರ್ಕಾರ ಆ ಬಳಿಕ ವ್ಯಾಖ್ಯಾನಿಸಿತು. 2020ರಲ್ಲಿ ಮಾಹಿತಿ ಕೇಂದ್ರ ತೆರೆಯಿತು. ಆದರೆ ನಾಗಸಾಕಿಯಲ್ಲಲ್ಲ, ದೂರದ ಟೋಕಿಯೋದಲ್ಲಿ. ತಾರತಮ್ಯವಿರಲಿಲ್ಲವೆಂಬ ಹೇಳಿಕೆಗಳಿಗೆ ಅಲ್ಲಿ ಪ್ರಾಧಾನ್ಯ ದೊರೆತ ಕಾರಣ ಟೀಕೆಗಳು ಬಂದವು. 2021ರ ಜುಲೈನಲ್ಲಿ ವಿಶ್ವ ಪರಂಪರೆ ಸಮಿತಿಯು ತನ್ನ ನಿರ್ಣಯಗಳು ಪೂರ್ಣವಾಗಿ ಜಾರಿಯಾಗಿಲ್ಲವೆಂದು ತೀವ್ರ ವಿಷಾದ ವ್ಯಕ್ತಪಡಿಸಿತು.

ಈ ವಿವಾದದ ಮೂಲದಲ್ಲಿರುವುದು 1910 ಎಂಬ ಗೆರೆ. ಈ ಗೆರೆಯ ಪ್ರಕಾರ ಹಾಶಿಮಾದಲ್ಲಿ ಜಾಗತಿಕ ಮಹತ್ವವುಳ್ಳವು ಮೇಜಿ ಕಾಲದ ತಡೆಗೋಡೆ ಮತ್ತು ಗಣಿಯ ಅವಶೇಷಗಳು ಮಾತ್ರ. ದೋಣಿಯೇರಿ ಬರುವವರು ನೋಡಲು ಬಯಸುವ ಕಾಂಕ್ರೀಟ್ ಕಟ್ಟಡಗಳಲ್ಲಿ ಒಂದೂ ಈ ಅವಧಿಗೆ ಸೇರಿಲ್ಲ. 30ನೆಯ ಕಟ್ಟಡವೇ ಆರು ವರ್ಷ ತಡವಾಗಿ ಬಂದದ್ದು. 2020ರಲ್ಲಿ ಅದರ ಒಂದು ಭಾಗ ಕುಸಿದುಬಿದ್ದಿತು. ಕೊರಿಯಾ ಜಪಾನಿನ ಸಾಮ್ರಾಜ್ಯಕ್ಕೆ ಸೇರಿದ ವರ್ಷವೂ 1910 ಎಂಬುದು ಗಮನಾರ್ಹ. ಒಂದು ಕಥನ ಮುಗಿಯುವ ವರ್ಷದಲ್ಲಿಯೇ ಮತ್ತೊಂದು ಜನಾಂಗದ ಸಂಕಟದ ಕಥನ ಮೊದಲಾಗುತ್ತದೆ. ಗೆರೆ ಎಳೆದವರ ಉದ್ದೇಶ ಏನೇ ಇರಲಿ, ಪರಿಣಾಮದಲ್ಲಿ ಅದು ಎರಡನ್ನೂ ಬೇರ್ಪಡಿಸುತ್ತದೆ.

ಆದರೆ ಗಣಿ ಈ ಗೆರೆಯನ್ನು ಅರಿಯದು. 1895ರ ಎರಡನೆಯ ಬಾವಿಯೇ ಆಳವಾಗಿ 1940ರ ದಶಕದ ಬಾವಿಯೂ ಆಯಿತು; ಮೇಜಿ ಕಾಲದ ತಡೆಗೋಡೆಯ ಮೇಲೆಯೇ ಆ ಬಾಲಕಾರ್ಮಿಕ ನಿಂತು ಸಮುದ್ರ ನೋಡಿದ್ದು. ತಾಕಾಶಿಮಾದ ಬಿಡಾರಗಳಿಂದ ಹಾಶಿಮಾದ ಕಡ್ಡಾಯ ದುಡಿಮೆಯವರೆಗೆ, ಬಿಟ್ಟು ಹೋಗಲಾರದ ದ್ವೀಪವೆಂಬ ಭೌಗೋಳಿಕ ಸತ್ಯ ಒಂದೇ ಆಗಿತ್ತು. ಕಟ್ಟಡಗಳು ಇನ್ನೆಷ್ಟು ಕಾಲ ನಿಲ್ಲುತ್ತವೆಂಬುದನ್ನು ಚಂಡಮಾರುತಗಳು ನಿರ್ಧರಿಸುತ್ತವೆ. ಮೃತರ ಹೆಸರು ಹೊತ್ತ ಕಾಗದಗಳು ಉಳಿಯುವುದು, ಓದಲ್ಪಡುವುದು ಮಾತ್ರ ಮನುಷ್ಯರ ಕೈಯಲ್ಲಿದೆ. ಕಾಲುದಾರಿಯ ಮೂರು ಕಟ್ಟೆಗಳಿಂದ ಕಾಣುವಷ್ಟೇ ಹಾಶಿಮಾ ಅಲ್ಲ. ಕಾಣದ ಸುರಂಗಗಳನ್ನೂ ನಾಕಾನೋಶಿಮಾದ ಬೂದಿಯನ್ನೂ ಒಳಗೊಂಡಾಗ ಮಾತ್ರ ಅದರ ಚರಿತ್ರೆ ಪೂರ್ಣವಾಗುತ್ತದೆ.